ಫಾರ್ಮ್ಯಾಟ್ ಮಾಡಿಸುವ ಮುನ್ನ: ಓದುಗರ ಲಿನಕ್ಸ್ ಪ್ರಶ್ನೆಗಳಿಗೆ ಉತ್ತರ

ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆಮೇಲೆ ಹಳೆಯ ಕಂಪ್ಯೂಟರಿಗೆ ವಿಂಡೋಸ್ ಬದಲು ಲಿನಕ್ಸ್ ಬಗೆಗಳಾದ ಮಿಂಟನ್ನೋ ಉಬುಂಟುವನ್ನೋ ಹಾಕಿಕೊಂಡವರ ಪತ್ರಗಳೇ ಈ ಸಲ ಹೆಚ್ಚು. ಬಹಳಷ್ಟು ಪತ್ರಗಳ ಕೊನೆಯ ಸಾಲು ಒಂದೇ: ‘ಫಾರ್ಮ್ಯಾಟ್ ಮಾಡಿಸಿಬಿಡಲೇ?’ ಬೇಡ. ಕೆಳಗಿನ ಪ್ರಶ್ನೆಗಳಲ್ಲಿ ಒಂದಕ್ಕೂ ಅದು ಮದ್ದಲ್ಲ. ಮೂರು ನಾಲ್ಕರಲ್ಲಂತೂ ಫಾರ್ಮ್ಯಾಟ್ ಮಾಡಿದ ಮರುದಿನವೇ ಅದೇ ತೊಂದರೆ ತಿರುಗಿ ಬರುತ್ತದೆ.

ಒಂದು ಸೂಚನೆ. ಟರ್ಮಿನಲ್‌ಗೆ, ಅಂದರೆ ಅಕ್ಷರದಲ್ಲೇ ಆದೇಶ ಹೊಡೆಯುವ ಕಿಟಕಿಗೆ, ಕೊಡುವ ಆದೇಶಗಳನ್ನು ಇಲ್ಲಿ ಉಚ್ಚರಿಸುವ ಹಾಗೆ ಕನ್ನಡದಲ್ಲಿ ಅಚ್ಚು ಮಾಡಿದ್ದೇವೆ. ನೀವು ಹೊಡೆಯುವಾಗ ಇಂಗ್ಲಿಷಿನ ಸಣ್ಣಕ್ಷರಗಳೇ ಬೇಕು. ‘ಗೆರೆ’ ಎಂದಲ್ಲಿ ಒಂದೇ ಮೈನಸ್ ಗುರುತು, ‘ಗೆರೆಗೆರೆ’ ಎಂದಲ್ಲಿ ಎರಡು, ಮುಂದಿನ ಅಕ್ಷರಕ್ಕೆ ಅಂಟಿಕೊಂಡಂತೆ. ಉಳಿದ ಪದಗಳ ನಡುವೆ ಜಾಗ.

ಪ್ರಶ್ನೆ: ಮಿಂಟ್ 21 ಹಾಕಿ ಒಂದು ವರ್ಷವಾಯಿತು. ನಿನ್ನೆಯಿಂದ ಪಾಸ್‌ವರ್ಡ್ ಕೊಟ್ಟರೆ ಪರದೆ ಒಂದು ಕ್ಷಣ ಕಪ್ಪಾಗಿ ಮತ್ತೆ ಪಾಸ್‌ವರ್ಡ್ ಕೇಳುವಲ್ಲಿಗೇ ಬರುತ್ತದೆ. ಪಾಸ್‌ವರ್ಡ್ ತಪ್ಪು ಎಂದೂ ಹೇಳುವುದಿಲ್ಲ.
— ನಿವೃತ್ತ ಉಪನ್ಯಾಸಕಿ, ಕುವೆಂಪುನಗರ, ಮೈಸೂರು

ಉತ್ತರ: ‘ತಪ್ಪು’ ಎಂದು ಹೇಳುತ್ತಿಲ್ಲವಲ್ಲ, ಸುಳಿವು ಅಲ್ಲೇ ಇದೆ ಮೇಡಂ. ಪಾಸ್‌ವರ್ಡ್ ಸರಿಯಾಗಿದೆ, ನೀವು ಒಳಗೂ ಹೋಗುತ್ತಿದ್ದೀರಿ. ಆದರೆ ಡೆಸ್ಕ್‌ಟಾಪ್ ತೆರೆದುಕೊಳ್ಳುವಾಗ ನಿಮ್ಮ ಹೋಮ್ ಫೋಲ್ಡರಿನಲ್ಲಿ ನಾಲ್ಕಾರು ಸಣ್ಣ ಕಡತಗಳನ್ನು ಬರೆಯಲೇಬೇಕು. ಬರೆಯಲಾಗದಿದ್ದರೆ ಸದ್ದಿಲ್ಲದೆ ಕುಸಿದು ಹಿಂದಕ್ಕೆ ಬರುತ್ತದೆ. ಬರೆಯಲಾಗದೆ ಇರುವುದಕ್ಕೆ ಸಾಮಾನ್ಯವಾಗಿ ಎರಡೇ ಕಾರಣ: ಡಿಸ್ಕ್ ತುಂಬಿದೆ, ಇಲ್ಲವೇ ಒಂದು ಕಡತದ ಒಡೆತನ ಕೆಟ್ಟಿದೆ.

ಲಾಗಿನ್ ಪರದೆಯಲ್ಲೇ ಕಂಟ್ರೋಲ್, ಆಲ್ಟ್, ಎಫ್3 ಮೂರನ್ನೂ ಒಟ್ಟಿಗೆ ಒತ್ತಿ. ಬರೀ ಅಕ್ಷರಗಳ ಕಪ್ಪು ಪರದೆ ಬರುತ್ತದೆ. ಹೆಸರು, ಪಾಸ್‌ವರ್ಡ್ ಕೊಡಿ. ಟೈಪ್ ಮಾಡುವಾಗ ಚುಕ್ಕಿಯೂ ಕಾಣುವುದಿಲ್ಲ, ಗಾಬರಿ ಬೇಡ. ಪಾಸ್‌ವರ್ಡ್‌ನಲ್ಲಿ ಅಂಕಿ ಇದ್ದರೆ ಕೀಬೋರ್ಡಿನ ಮೇಲಿನ ಸಾಲಿನದನ್ನೇ ಬಳಸಿ. ಬಲಗಡೆಯ ನಂಬರ್ ಪ್ಯಾಡಿನಲ್ಲಿ ನಮ್‌ಲಾಕ್ ಆಫ್ ಆಗಿರುವುದುಂಟು. ಒಳಹೊಕ್ಕ ಮೇಲೆ ‘ಡಿಎಫ್ ಗೆರೆ-ಎಚ್’ ಎಂದು ಕೊಡಿ. ಬಲತುದಿಯಲ್ಲಿ ಬರೀ ಒಂದು ಓರೆಗೆರೆ ಇರುವ ಸಾಲನ್ನು ನೋಡಿ. ಅಲ್ಲಿ 100% ಎಂದಿದ್ದರೆ ಕಳ್ಳ ಸಿಕ್ಕಿದ. ಎಕ್ಸ್ಟ್4 ಕಡತ ವ್ಯವಸ್ಥೆ ಮಾಮೂಲಿಯಾಗಿ ಶೇ 5ರಷ್ಟು ಜಾಗವನ್ನು ರೂಟ್ ಎಂಬ ಪೂರ್ಣ ಅಧಿಕಾರದ ಬಳಕೆದಾರನಿಗೆಂದು ಎತ್ತಿಡುತ್ತದೆ. ನಿಮಗೆ ಜಾಗವಿಲ್ಲದಿದ್ದರೂ ವ್ಯವಸ್ಥೆ ತಾನು ಮಾತ್ರ ಉಸಿರಾಡುತ್ತಿರುವುದು ಅದರಿಂದಲೇ.

ಮಿಂಟ್‌ನಲ್ಲಿ ಡಿಸ್ಕ್ ತುಂಬುವುದು ಬಹುಪಾಲು ವ್ಯವಸ್ಥೆಯ ಪ್ರತಿ ತೆಗೆದಿಡುವ ಟೈಮ್‌ಶಿಫ್ಟ್‌ನಿಂದ. ದಿನಕ್ಕೊಂದು ಪ್ರತಿ ಇಡು ಎಂದು ಹೇಳಿ ಮರೆತಿರುತ್ತೇವೆ. ‘ಸುಡೊ ಟೈಮ್‌ಶಿಫ್ಟ್ ಗೆರೆಗೆರೆ-ಡಿಲೀಟ್’ ಎಂದರೆ ಪಟ್ಟಿ ತೋರಿಸಿ ಯಾವುದನ್ನು ಅಳಿಸಲಿ ಎಂದು ಕೇಳುತ್ತದೆ (ಸುಡೊ ಎಂದರೆ ಆ ಆದೇಶವನ್ನು ರೂಟ್ ಅಧಿಕಾರದಲ್ಲಿ ನಡೆಸು ಎಂದು). ಹೊಸದೊಂದನ್ನು ಉಳಿಸಿ, ಹಳೆಯವನ್ನು ತೆಗೆಯಿರಿ. ‘ಸುಡೊ ಆಪ್ಟ್ ಕ್ಲೀನ್’ ಎಂದರೆ ಇಳಿಸಿಕೊಂಡ ಪ್ಯಾಕೇಜುಗಳ ರಾಶಿ ಹೋಗುತ್ತದೆ. ಹೋಮ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ‘ಎಕ್ಸ್‌ಸೆಷನ್-ಎರರ್ಸ್’ ಎಂಬ ಕಡತವನ್ನೂ ನೋಡಿ, ಹೆಸರಿನ ನಡುವೆ ಜಾಗವಲ್ಲ, ಗೆರೆ. ಯಾವುದೋ ಒಂದು ತಂತ್ರಾಂಶ ಒಂದೇ ದೂರನ್ನು ಸೆಕೆಂಡಿಗೆ ನೂರು ಸಲ ಅದರಲ್ಲಿ ಬರೆದು ಹತ್ತಾರು ಜಿಬಿಗೆ ಬೆಳೆಸಿರಬಹುದು. ಧೈರ್ಯವಾಗಿ ಅಳಿಸಿ.

ಡಿಸ್ಕಿನಲ್ಲಿ ಜಾಗ ಬೇಕಾದಷ್ಟಿದ್ದರೆ ಎರಡನೆಯ ಕಾರಣ. ಯಾವಾಗಲೋ ಸುಡೊ ಹಾಕಿ ಚಿತ್ರಾತ್ಮಕ ತಂತ್ರಾಂಶವೊಂದನ್ನು ತೆರೆದಿದ್ದರೆ, ಚುಕ್ಕಿಯಿಂದ ಶುರುವಾಗುವ ‘ಎಕ್ಸ್‌ಅಥಾರಿಟಿ’ ಕಡತ ರೂಟ್‌ನ ಪಾಲಾಗಿರುತ್ತದೆ. ಇದರಲ್ಲಿ ಎಕ್ಸ್ ಮಾತ್ರ ದೊಡ್ಡಕ್ಷರ. ಸುಡೊ ಬಳಸಿ ಅದನ್ನು ಅಳಿಸಿ, ಮುಂದಿನ ಲಾಗಿನ್‌ನಲ್ಲಿ ಹೊಸದು ತಾನಾಗಿ ಹುಟ್ಟುತ್ತದೆ. ಕಂಟ್ರೋಲ್, ಆಲ್ಟ್, ಎಫ್7 ಒತ್ತಿದರೆ ಮಿಂಟ್‌ನಲ್ಲಿ ಲಾಗಿನ್ ಪರದೆಗೆ ವಾಪಸ್.

ಪ್ರಶ್ನೆ: ಒಂದೇ ಕಂಪ್ಯೂಟರಿನಲ್ಲಿ ವಿಂಡೋಸ್ ಮತ್ತು ಉಬುಂಟು ಇವೆ. ಉಬುಂಟು ಬಳಸಿ ವಿಂಡೋಸಿಗೆ ಹೋದಾಗಲೆಲ್ಲ ಗಡಿಯಾರ ಹಿಂದೆ ಬಿದ್ದಿರುತ್ತದೆ. ಸೆಲ್ ಬದಲಾಯಿಸಿ ಎಂದರು, ಬದಲಾಯಿಸಿದೆ. ಪ್ರಯೋಜನವಾಗಲಿಲ್ಲ.
— ವಿದ್ಯಾರ್ಥಿ, ನಂಜನಗೂಡು

ಉತ್ತರ: ಎಷ್ಟು ಹಿಂದೆ ಎಂದು ಬರೆದಿಲ್ಲ. ಕರಾರುವಾಕ್ಕಾಗಿ ಐದೂವರೆ ಗಂಟೆಯಾದರೆ ಸೆಲ್ಲಿನ ತಪ್ಪಿಲ್ಲ. ಲಿನಕ್ಸ್ ಮದರ್‌ಬೋರ್ಡಿನ ಗಡಿಯಾರದಲ್ಲಿ ಅಂತಾರಾಷ್ಟ್ರೀಯ ಸಮಯ ಇಟ್ಟು, ತೋರಿಸುವಾಗ 5:30 ಸೇರಿಸುತ್ತದೆ. ವಿಂಡೋಸ್ ಅದೇ ಗಡಿಯಾರವನ್ನು ನಮ್ಮೂರ ಸಮಯ ಎಂದೇ ಓದುತ್ತದೆ. ಮಧ್ಯಾಹ್ನ 3ಕ್ಕೆ ಅಲ್ಲಿ ಬೆಳಿಗ್ಗೆ ಒಂಬತ್ತೂವರೆ. ಉಬುಂಟುವಿನಲ್ಲಿ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಲೋಕಲ್-ಆರ್‌ಟಿಸಿ 1’ ಎಂದು ಒಮ್ಮೆ ಕೊಟ್ಟರೆ ಇಬ್ಬರೂ ಒಂದೇ ಲೆಕ್ಕಕ್ಕೆ ಬರುತ್ತಾರೆ. ಸೆಟ್, ಲೋಕಲ್, ಆರ್‌ಟಿಸಿ ನಡುವೆ ಜಾಗವಲ್ಲ, ಗೆರೆ.

ಸೆಲ್ ಸತ್ತಾಗಿನ ಲಕ್ಷಣವೇ ಬೇರೆ. ಪ್ಲಗ್ ಕಿತ್ತು ರಾತ್ರಿಯಿಡೀ ಬಿಟ್ಟರೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಓಡುತ್ತದೆ, ಬ್ರೌಸರ್ ಪ್ರತಿ ತಾಣಕ್ಕೂ ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತದೆ. ಆಗ ಸಿಆರ್2032 ಎಂಬ 3 ವೋಲ್ಟಿನ ಬಿಲ್ಲೆ ಸೆಲ್ ಹಾಕಬೇಕು. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ. ಪ್ಲಸ್ ಗುರುತು ಮೇಲಕ್ಕಿರಲಿ.

ಪ್ರಶ್ನೆ: ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ. ಎಚ್‌ಪಿ ಲೇಸರ್‌ಜೆಟ್ 1020 ಚೆನ್ನಾಗಿ ನಡೆಯುತ್ತಿತ್ತು. ಅಪ್‌ಡೇಟ್ ಮಾಡಿದ ಮೇಲೆ ನಿಂತಿದೆ. ಇನ್ನೊಂದು ಪ್ರಿಂಟರಿನಲ್ಲಿ ಆದೇಶ ಹೋಗುತ್ತದೆ, ದೀಪ ಮಿಣುಕುತ್ತದೆ, ಕಾಗದ ಮಾತ್ರ ಎಳೆಯುವುದಿಲ್ಲ. ಹಳೆಯ ಕ್ಯಾನನ್ 2900 ಒಂದು ಕಡಿಮೆಗೆ ಬಂದಿದೆ, ಕೊಳ್ಳಬಹುದೇ?
— ಅಂಗಡಿ ಮಾಲೀಕರು, ಮಂಡ್ಯ

ಉತ್ತರ: ಮೂರಕ್ಕೂ ಬೇರೆ ಬೇರೆ ಉತ್ತರ.

1020ರೊಳಗೆ ಅದನ್ನು ನಡೆಸುವ ಫರ್ಮ್‌ವೇರ್ ಎಂಬ ತಂತ್ರಾಂಶ ಶಾಶ್ವತವಾಗಿ ಇರುವುದಿಲ್ಲ. ಸ್ವಿಚ್ ಹಾಕಿದಾಗಲೆಲ್ಲ ಕಂಪ್ಯೂಟರೇ ಅದನ್ನು ತುಂಬಬೇಕು. ಆ ಕೆಲಸಕ್ಕೆ ಎಚ್‌ಪಿ ಪ್ರಿಂಟರುಗಳ ಲಿನಕ್ಸ್ ಡ್ರೈವರ್ ಆದ ಎಚ್‌ಪಿಲಿಪ್ ತಂತ್ರಾಂಶದ ಜೊತೆಗೆ ಒಂದು ಪ್ಲಗಿನ್ ಬೇಕು, ಎರಡರ ಆವೃತ್ತಿಯೂ ಅಂಕಿಗೆ ಅಂಕಿ ಹೊಂದಬೇಕು. ಅಪ್‌ಡೇಟ್‌ನಲ್ಲಿ ಎಚ್‌ಪಿಲಿಪ್ ಮುಂದೆ ಹೋಯಿತು, ಪ್ಲಗಿನ್ ಹಿಂದೆ ಉಳಿಯಿತು. ಇಂಟರ್ನೆಟ್ ಇರುವಾಗ ‘ಎಚ್‌ಪಿ-ಪ್ಲಗಿನ್ ಗೆರೆ-ಐ’ ಕೊಡಿ. ಡೌನ್‌ಲೋಡ್ ಮಾಡಲೇ ಎಂದರೆ ಡಿ, ಪರವಾನಗಿಗೆ ವೈ. ಮುಗಿದ ಮೇಲೆ ಪ್ರಿಂಟರಿನ ಸ್ವಿಚ್ ಆರಿಸಿ, ಹತ್ತು ಸೆಕೆಂಡ್ ಬಿಟ್ಟು ಹಾಕಿ. ಒಳಗೆ ಕರ್ರೆಂದು ರೋಲರ್ ತಿರುಗಿದರೆ ಫರ್ಮ್‌ವೇರ್ ಇಳಿಯಿತೆಂದು ಅರ್ಥ. ಇದೇ ಪ್ರಿಂಟರಿಗೆ ಫೂ2ಝಡ್‌ಜೆಎಸ್ ಎಂಬ ಇನ್ನೊಂದು ಡ್ರೈವರ್ ಕೂಡ ಇದೆ. ಎರಡನ್ನೂ ಹಾಕಿಕೊಂಡರೆ ಒಂದು ಪ್ರಿಂಟರಿಗೆ ಇಬ್ಬರು ಯಜಮಾನರಾಗಿ ಜಗಳ. ಒಂದನ್ನು ತೆಗೆಯಿರಿ.

ಎರಡನೆಯದು ಕಾಗದದ ಅಳತೆ. ತಂತ್ರಾಂಶ ಅಮೆರಿಕದ ಲೆಟರ್ ಅಳತೆ ಕೇಳುತ್ತಿದೆ, ಟ್ರೇಯಲ್ಲಿ ಇರುವುದು ಎ4. ಲೆಟರ್ ಹಾಕುವವರೆಗೆ ಕಾಯುತ್ತೇನೆಂದು ಪ್ರಿಂಟರ್ ಮಿಣುಕುತ್ತಾ ಕೂತಿದೆ. ಮೂರು ಕಡೆ ಎ4 ಮಾಡಬೇಕು: ಪ್ರಿಂಟರ್ ಸೆಟಿಂಗ್ಸ್‌ನ ಡೀಫಾಲ್ಟ್ ಆಯ್ಕೆಗಳಲ್ಲಿ, ಲಿಬ್ರೆಆಫೀಸ್‌ನ ಪೇಜ್ ಸ್ಟೈಲ್‌ನಲ್ಲಿ, ಪಿಡಿಎಫ್ ತೆರೆಯುವ ತಂತ್ರಾಂಶದ ಪ್ರಿಂಟ್ ಕಿಟಕಿಯಲ್ಲಿ. ಮೊದಲನೆಯದನ್ನು ಮಾಡಿ ಉಳಿದೆರಡನ್ನು ಬಿಡುವುದೇ ಎಲ್ಲರ ತಪ್ಪು. ಅಷ್ಟರಲ್ಲಿ ಸಾಲುಗಟ್ಟಿ ನಿಂತಿರುವ ಹಳೆಯ ಆದೇಶಗಳನ್ನು ‘ಕ್ಯಾನ್ಸಲ್ ಗೆರೆ-ಎ’ ಕೊಟ್ಟು ಖಾಲಿ ಮಾಡಿ. ಇಲ್ಲದಿದ್ದರೆ ಸರಿಯಾದ ಕೂಡಲೇ ಇಪ್ಪತ್ತು ಗಿರಾಕಿಗಳ ಪಹಣಿ ಒಟ್ಟಿಗೆ ಬರುತ್ತದೆ.

ಕ್ಯಾನನ್ 2900 ಗಟ್ಟಿ ಯಂತ್ರ, ಅನುಮಾನವಿಲ್ಲ. ವಿಂಡೋಸ್ ಅಂಗಡಿಯಾದರೆ ಕೊಳ್ಳಿ. ಅದಕ್ಕೆ ಅರ್ಥವಾಗುವುದು ಕ್ಯಾಪ್ಟ್ ಎಂಬ ಕಂಪನಿಯದೇ ಭಾಷೆ ಮಾತ್ರ, ಪೋಸ್ಟ್‌ಸ್ಕ್ರಿಪ್ಟ್ ತಿಳಿಯದು. ಲಿನಕ್ಸ್ ಡ್ರೈವರ್ ಇದೆ ನಿಜ, ಆದರೆ 32 ಬಿಟ್ ಲೈಬ್ರರಿಗಳು, ಹಿನ್ನೆಲೆಯಲ್ಲಿ ಓಡಬೇಕಾದ ಪ್ರತ್ಯೇಕ ಸೇವೆ, ಕರೆಂಟ್ ಹೋಗಿ ಬಂದಾಗ ಅದರ ತಕರಾರು, ಎಲ್ಲ ಸೇರಿ ಅಂಗಡಿ ವ್ಯವಹಾರಕ್ಕೆ ಒಗ್ಗುವುದಿಲ್ಲ. ಹೊಸದು ಕೊಳ್ಳುವಾಗ ಏರ್‌ಪ್ರಿಂಟ್ ಅಥವಾ ಐಪಿಪಿ ಎವೆರಿವೇರ್ ಎಂದು ಡಬ್ಬದ ಮೇಲೆ ಇದೆಯೇ ನೋಡಿ. ಅವುಗಳಿಗೆ ಡ್ರೈವರ್ ಹುಡುಕುವ ಕೆಲಸವೇ ಇಲ್ಲ.

ಪ್ರಶ್ನೆ: ಹತ್ತು ವರ್ಷದ ಪ್ರಶ್ನೆಪತ್ರಿಕೆಗಳು ನುಡಿಯಲ್ಲಿವೆ. ಮಿಂಟ್‌ನಲ್ಲಿ ತೆರೆದರೆ ವಿಚಿತ್ರ ಗುರುತುಗಳು. ನುಡಿ ಕೀಬೋರ್ಡ್ ಬಿಟ್ಟು ಬೇರೆ ಅಭ್ಯಾಸವೂ ಇಲ್ಲ.
— ಪ್ರೌಢಶಾಲಾ ಶಿಕ್ಷಕರು, ಶ್ರೀರಂಗಪಟ್ಟಣ

ಉತ್ತರ: ಕಡತ ಕೆಟ್ಟಿಲ್ಲ ಮೇಷ್ಟ್ರೇ. ಯೂನಿಕೋಡ್‌ಗೆ ಮುಂಚಿನ ನುಡಿ ಕಡತಗಳಲ್ಲಿ ನಿಜಕ್ಕೂ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಯುರೋಪಿನ ಗುರುತುಗಳೇ. ‘ಕನ್ನಡ’ ಎಂಬ ಪದದೊಳಗೇ ಒಂದು ಪೌಂಡ್ ಗುರುತು ಕೂತಿರುತ್ತದೆ. ಆ ಗುರುತಿಗೆ ‘ನ’ಕಾರದ ವೇಷ ಹಾಕುವುದು ಫಾಂಟು. ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ.

ಓದಿದರೆ ಸಾಕು ಎಂದಾದರೆ ಹಳೆಯ ಕಂಪ್ಯೂಟರಿನ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಿಂದ ನುಡಿಯ ಟಿಟಿಎಫ್ ಕಡತಗಳನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳಿ. ಮಿಂಟ್‌ನಲ್ಲಿ ಒಂದೊಂದನ್ನೂ ಎರಡು ಸಲ ಒತ್ತಿ, ಇನ್‌ಸ್ಟಾಲ್ ಎನ್ನಿ. ಲಿಬ್ರೆಆಫೀಸ್ ಪೂರ್ತಿ ಮುಚ್ಚಿ ತೆರೆದರೆ ಅಕ್ಷರಗಳು ಬರುತ್ತವೆ. ಆದರೆ ಅದರಲ್ಲಿ ಹುಡುಕಲು ಬರುವುದಿಲ್ಲ, ವಾಟ್ಸಾಪಿಗೆ ಅಂಟಿಸಲು ಬರುವುದಿಲ್ಲ. ಮುಂದೆ ಬಳಸುವುದನ್ನು ಯೂನಿಕೋಡ್‌ಗೆ ತರುವುದೇ ಸರಿ. ಪರಿವರ್ತಕಕ್ಕೆ ಇಡೀ ಕಡತವನ್ನು ಒಮ್ಮೆಗೇ ಸುರಿಯಬೇಡಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ನುಡಿ ಎಂದೇ ತಿಳಿದು ಅದು ಕಲಸುಮೇಲೋಗರ ಮಾಡುತ್ತದೆ. ವಿಜ್ಞಾನ, ಗಣಿತದ ಪ್ರಶ್ನೆಪತ್ರಿಕೆಯಲ್ಲಂತೂ ಸೂತ್ರಗಳೆಲ್ಲ ಹೋಗುತ್ತವೆ. ಕನ್ನಡದ ಭಾಗವನ್ನಷ್ಟೇ ಆಯ್ದು ಕೊಡಿ. ಬಂದದ್ದರಲ್ಲಿ ಅರ್ಕಾವತ್ತು, ಅನುಸ್ವಾರದ ಜಾಗದಲ್ಲಿ ಸೊನ್ನೆ ಅಂಕಿ, ಮೂರಕ್ಷರ ಕೂಡಿದ ‘ಸ್ತ್ರ’, ‘ಷ್ಟ್ರ’ ಇವನ್ನು ಮೊದಲು ತಿದ್ದಿ.

ಕೀಬೋರ್ಡಿನ ಚಿಂತೆ ಬೇಡ. ನುಡಿ ತಂತ್ರಾಂಶವನ್ನು ರೂಪಿಸಿದ್ದು ಕನ್ನಡ ಗಣಕ ಪರಿಷತ್ತು, ಅದರ ಕೀಬೋರ್ಡ್ ವಿನ್ಯಾಸ ಕೆ.ಪಿ. ರಾವ್ ಅವರದು. ಅದೇ ವಿನ್ಯಾಸ ಲಿನಕ್ಸ್‌ನಲ್ಲಿ ಕಗಪ ಎಂಬ ಹೆಸರಿನಲ್ಲಿದೆ. ಕೀಬೋರ್ಡ್ ಸೆಟಿಂಗ್ಸ್‌ನ ಲೇಔಟ್ ಪಟ್ಟಿಯಲ್ಲಿ ‘ಕನ್ನಡ, ಕಗಪ, ಫೊನೆಟಿಕ್’ ಎಂಬುದನ್ನು ಸೇರಿಸಿ. ಎಫ್ ಒತ್ತಿದರೆ ಹಲಂತ, ಕೆ-ಎಫ್-ಕೆ ಎಂದರೆ ‘ಕ್ಕ’, ನಿಮ್ಮ ಬೆರಳಿಗೆ ಗೊತ್ತಿರುವ ಹಾಗೇ. ಒಂದೇ ವ್ಯತ್ಯಾಸ: ‘ರ‍್ಯಾಂಕ್’ ಬರೆಯಲು ಹೋದರೆ ‘ರ್ಯಾಂಕ್’ ಆಗಿ ರಕಾರ ಅರ್ಕಾವತ್ತಾಗಿ ಓಡಿಹೋಗುತ್ತದೆ. ಲಿಬ್ರೆಆಫೀಸ್‌ನಲ್ಲಿ ‘ರ’ ಬರೆದು, ಇಂಗ್ಲಿಷಿಗೆ ಬದಲಿಸಿ 200 ಅಂಕಿ ಮತ್ತು ಡಿ ಅಕ್ಷರ ಹೊಡೆದು, ಆಲ್ಟ್ ಜೊತೆ ಎಕ್ಸ್ ಒತ್ತಿ. ಅಂಕಿ ಮಾಯವಾಗಿ ಕಾಣದ ಒಂದು ಜೋಡಕ ಕೂರುತ್ತದೆ. ಆಮೇಲೆ ಹಲಂತ, ಯಕಾರ. ಡಿ ಬದಲು ಸಿ ಹೊಡೆದರೆ ಬರುವುದು ಬಿಡಿಸುವ ಗುರುತು. ‘ಅಪ್‌ಡೇಟ್’ನಲ್ಲಿ ಡಕಾರ ಒತ್ತಕ್ಷರವಾಗದೆ ನಿಲ್ಲುವುದು ಅದರಿಂದ. ಆಗಾಗ ಬೇಕಾಗುವ ಪದಗಳನ್ನು ಒಂದು ಕಡೆ ಬರೆದಿಟ್ಟು ನಕಲು ಮಾಡಿಕೊಳ್ಳುವುದೇ ಸುಲಭ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಮೇಲೆ ಕಪ್ಪು ಪರದೆಯಲ್ಲಿ ‘ಇನಿಟ್‌ರಾಮ್‌ಎಫ್‌ಎಸ್’ ಎಂದು ಬಂದು ನಿಲ್ಲುತ್ತದೆ. ಈ ತಿಂಗಳಲ್ಲಿ ಇದು ಎರಡನೇ ಸಲ.
— ಗೊಬ್ಬರದ ಅಂಗಡಿ, ಮದ್ದೂರು

ಉತ್ತರ: ಬರೆಯುತ್ತಿದ್ದಾಗ ಕರೆಂಟ್ ಹೋಗಿ ಕಡತ ವ್ಯವಸ್ಥೆಯ ಲೆಕ್ಕ ತಾಳೆಯಾಗುತ್ತಿಲ್ಲ. ಸಣ್ಣಪುಟ್ಟದನ್ನು ಅದು ಜರ್ನಲ್ ಎಂಬ ತನ್ನ ದಿನಚರಿ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ. ತನ್ನಿಂದಾಗದಿದ್ದರೆ ಹೀಗೆ ನಿಂತು ನಿಮ್ಮನ್ನು ಕೇಳುತ್ತದೆ. ಆ ಪರದೆಯಲ್ಲಿ ‘ಎಕ್ಸಿಟ್’ ಎಂದು ಹೊಡೆದು ಎಂಟರ್ ಒತ್ತಿ. ಯಾವ ಪಾರ್ಟಿಶನ್ ಎಂದು ಹೇಳುತ್ತದೆ. ಉದಾಹರಣೆಗೆ ‘/ಡೆವ್/ಎಸ್‌ಡಿಎ2’ ಎಂದರೆ, ‘ಎಫ್‌ಎಸ್‌ಸಿಕೆ ಗೆರೆ-ವೈ /ಡೆವ್/ಎಸ್‌ಡಿಎ2’ ಕೊಡಿ. ಸಾಲುಸಾಲಾಗಿ ತಿದ್ದಿದ್ದನ್ನು ತೋರಿಸಿ ಮುಗಿದ ಮೇಲೆ ‘ರೀಬೂಟ್’.

ಹಾರ್ಡ್‌ಡಿಸ್ಕ್ ಟಕಟಕ ಎನ್ನುತ್ತಿದ್ದರೆ, ಅಥವಾ ಪರದೆಯಲ್ಲಿ ‘ಐ/ಓ ಎರರ್’ ಎಂದು ಬರುತ್ತಿದ್ದರೆ ಮೇಲಿನದನ್ನು ಮಾಡಬೇಡಿ. ಸಾಯುತ್ತಿರುವ ಡಿಸ್ಕಿನ ಮೇಲೆ ತಿದ್ದುಪಡಿ ಬರೆಯುವುದೆಂದರೆ ಉಳಿದದ್ದನ್ನೂ ಕಳೆದುಕೊಳ್ಳುವುದು. ಪೆನ್‌ಡ್ರೈವಿನಿಂದ ಲಿನಕ್ಸ್ ಓಡಿಸಿ ಮೊದಲು ಲೆಕ್ಕದ ಕಡತಗಳನ್ನು ಹೊರಗೆ ತೆಗೆಯಿರಿ.

ಎರಡನೇ ಸಲ ಎಂದಿರುವುದರಿಂದ ಡಿಸ್ಕಿನ ಆರೋಗ್ಯ ನೋಡಲೇಬೇಕು. ಮೆನುವಿನ ‘ಡಿಸ್ಕ್ಸ್’ ತೆರೆದು, ಮೂಲೆಯ ಪಟ್ಟಿಯಿಂದ ‘ಸ್ಮಾರ್ಟ್ ಡೇಟಾ’ ಆರಿಸಿ. ಉದ್ದ ಪಟ್ಟಿಯಲ್ಲಿ ಮೂರು ಸಾಲು ಮುಖ್ಯ. 5ನೇ ಸಂಖ್ಯೆಯದು, ಕೆಟ್ಟು ಬದಲಿಯಾದ ಸೆಕ್ಟರುಗಳು. 197, ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಈ ಎರಡರಲ್ಲಿ ಸೊನ್ನೆ ಬಿಟ್ಟು ಬೇರೆ ಇದ್ದು, ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬದಲಾಯಿಸಿ. 199 ಮಾತ್ರ ಏರುತ್ತಿದ್ದರೆ ಡಿಸ್ಕ್ ಪಾಪದ್ದು, ಕೆಟ್ಟಿರುವುದು ಸಾಟಾ ಕೇಬಲ್. ಇದು ತಿಳಿಯದೆ ಒಳ್ಳೆಯ ಡಿಸ್ಕನ್ನು ಗುಜರಿಗೆ ಹಾಕಿದವರಿದ್ದಾರೆ.

ಯುಪಿಎಸ್ ಇದ್ದೂ ಹೀಗಾಗಿದ್ದರೆ ಅದರೊಳಗಿನ ಬ್ಯಾಟರಿ ಮುಗಿದಿದೆ. ಸಣ್ಣ ಯುಪಿಎಸ್‌ಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನದು, ಎರಡು ಮೂರು ವರ್ಷ ಬಾಳುತ್ತದೆ. ಪರೀಕ್ಷೆ ಸುಲಭ: ಕಂಪ್ಯೂಟರಿನ ಬದಲು ಒಂದು ಟೇಬಲ್ ಲ್ಯಾಂಪ್ ಸಿಕ್ಕಿಸಿ, ಗೋಡೆಯ ಸ್ವಿಚ್ ಆರಿಸಿ. ನಿಮಿಷದೊಳಗೆ ಕತ್ತಲಾದರೆ ಬ್ಯಾಟರಿ ತನ್ನಿ. ಲೇಸರ್ ಪ್ರಿಂಟರನ್ನು ಮಾತ್ರ ಯುಪಿಎಸ್‌ಗೆ ಸಿಕ್ಕಿಸಬೇಡಿ, ಬಿಸಿಯಾಗುವಾಗ ಅದು ಎಳೆಯುವ ಕರೆಂಟ್ ಸಣ್ಣ ಯುಪಿಎಸ್‌ಗೆ ತಡೆಯದು.

ಪ್ರಶ್ನೆ: ವಿಂಡೋಸ್‌ನ ಡಿ ಡ್ರೈವ್ ಲಿನಕ್ಸ್‌ನಲ್ಲಿ ತೆರೆಯುತ್ತದೆ, ಆದರೆ ಏನನ್ನೂ ಉಳಿಸಲು ಬಿಡುತ್ತಿಲ್ಲ.
— ಓದುಗರು, ಸರಸ್ವತಿಪುರಂ, ಮೈಸೂರು

ಉತ್ತರ: ವಿಂಡೋಸ್ ಪೂರ್ತಿ ಮುಚ್ಚಿಲ್ಲ. ಶಟ್‌ಡೌನ್ ಎಂದರೂ ಫಾಸ್ಟ್ ಸ್ಟಾರ್ಟ್‌ಅಪ್ ಇದ್ದರೆ ಅದು ಅರೆನಿದ್ದೆಗೆ ಜಾರುತ್ತದೆ, ಡ್ರೈವನ್ನು ‘ನಾನಿನ್ನೂ ಬಳಸುತ್ತಿದ್ದೇನೆ’ ಎಂದು ಗುರುತು ಹಾಕಿರುತ್ತದೆ. ಲಿನಕ್ಸ್ ಅದನ್ನು ಗೌರವಿಸಿ ಓದಲು ಮಾತ್ರ ಬಿಡುತ್ತದೆ. ವಿಂಡೋಸ್‌ಗೆ ಹೋಗಿ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್, ಪವರ್ ಬಟನ್‌ಗಳ ಕೆಲಸ ಆರಿಸುವಲ್ಲಿ ಫಾಸ್ಟ್ ಸ್ಟಾರ್ಟ್‌ಅಪ್‌ನ ಗುರುತು ತೆಗೆಯಿರಿ. ಅವಸರಕ್ಕೆ ಶಿಫ್ಟ್ ಹಿಡಿದು ಶಟ್‌ಡೌನ್ ಒತ್ತಿದರೂ ಸಾಕು. ದೊಡ್ಡ ಅಪ್‌ಡೇಟ್ ಆದಾಗ ಆ ಗುರುತು ಮತ್ತೆ ಬಂದು ಕೂರುವುದುಂಟು.

ಪ್ರಶ್ನೆ: ಆಲೆಮನೆ ಪಕ್ಕದ ಕೋಣೆಯಲ್ಲಿ ಕಂಪ್ಯೂಟರ್ ಇದೆ. ಇಪ್ಪತ್ತು ನಿಮಿಷ ಕೆಲಸ ಮಾಡಿದರೆ ತಾನಾಗಿ ಆರಿಹೋಗುತ್ತದೆ. ವೈರಸ್ ಎಂದು ಎರಡು ಸಲ ಲಿನಕ್ಸ್ ಮತ್ತೆ ಹಾಕಿಕೊಟ್ಟರು.
— ಬೆಲ್ಲದ ವ್ಯಾಪಾರಿ, ಪಾಂಡವಪುರ

ಉತ್ತರ: ವೈರಸ್ ಅಲ್ಲ, ಮಸಿ. ಖಚಿತಪಡಿಸಿಕೊಳ್ಳಲು ಹೀಗೆ ಮಾಡಿ: ಆರಿದ ಮೇಲೆ ಮತ್ತೆ ಹಾಕಿ, ‘ಜರ್ನಲ್‌ಸಿಟಿಎಲ್ ಗೆರೆ-ಬಿ ಗೆರೆ-1 ಗೆರೆ-ಇ’ ಕೊಡಿ. ಹಿಂದಿನ ಸಲದ ಕೊನೆಯ ಸಾಲುಗಳು ಬರುತ್ತವೆ. ಅಲ್ಲಿ ‘ಕ್ರಿಟಿಕಲ್ ಟೆಂಪರೇಚರ್’ ಎಂಬ ಮಾತಿದ್ದರೆ ಬಿಸಿಯೇ ಕಾರಣ. ಏನೂ ಹೇಳದೆ ನಡುವಾಕ್ಯದಲ್ಲಿ ಕತ್ತರಿಸಿದ ಹಾಗೆ ನಿಂತಿದ್ದರೆ ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಮೇಲೆ ಅನುಮಾನ ಪಡಿ. ಆದರೆ ವಿಪರೀತ ಬಿಸಿಯಲ್ಲಿ ಪ್ರೊಸೆಸರ್ ಬರೆಯಲು ಪುರಸೊತ್ತಿಲ್ಲದೆ ತಾನೇ ಆರಿಸಿಕೊಳ್ಳುವುದೂ ಇದೆ. ಹಾಗಾಗಿ ‘ಸೆನ್ಸರ್ಸ್’ ಆದೇಶ ಕೊಟ್ಟು ಕಣ್ಣಾರೆ ನೋಡಿ. ಸುಮ್ಮನಿರುವಾಗ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇದ್ದರೆ ಸರಿ. ಸುಮ್ಮನಿದ್ದೇ 70 ದಾಟಿ, ಕೆಲಸ ಕೊಟ್ಟಾಗ 90ರ ಮೇಲೆ ಏರಿದರೆ ಗಾಳಿ ಹೋಗುತ್ತಿಲ್ಲ.

ಪ್ಲಗ್ ಕಿತ್ತು ಬಾಗಿಲು ಬಿಚ್ಚಿ. ಕೊಪ್ಪರಿಗೆಯ ಹೊಗೆ ಬರೀ ಧೂಳಿನ ಹಾಗಲ್ಲ, ಅಂಟು. ಬ್ಲೋವರ್ ಒಂದಕ್ಕೇ ಹೋಗುವುದಿಲ್ಲ, ಒಣ ಬ್ರಷ್‌ನಿಂದ ಬಿಡಿಸಬೇಕು. ಗಾಳಿ ಊದುವಾಗ ಫ್ಯಾನ್ ರೆಕ್ಕೆಗೆ ಪೆನ್ಸಿಲ್ ಅಡ್ಡ ಹಿಡಿಯಿರಿ, ವೇಗವಾಗಿ ತಿರುಗಿದರೆ ಬೇರಿಂಗ್ ಕೆಡುತ್ತದೆ. ಹೀಟ್‌ಸಿಂಕ್ ತೆಗೆದರೆ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಹೊಸ ಥರ್ಮಲ್ ಪೇಸ್ಟ್ ತೊಗರಿಕಾಳಿನಷ್ಟು ನಡುವೆ ಇಡಿ. ಹೆಚ್ಚು ಹಚ್ಚಿದರೆ ಹೆಚ್ಚು ತಂಪು ಎಂಬುದು ಸುಳ್ಳು. ಇಂಟೆಲ್‌ನ ನಾಲ್ಕು ಮೊಳೆಯ ಫ್ಯಾನ್ ಆದರೆ ಎದುರುಬದುರು ಮೂಲೆಯಂತೆ ಒತ್ತಿ, ನಾಲ್ಕೂ ಟಕ್ ಎನ್ನಬೇಕು. ಒಂದು ಕೂರದಿದ್ದರೂ ಹೀಟ್‌ಸಿಂಕ್ ಓರೆಯಾಗಿ, ಸ್ವಚ್ಛ ಮಾಡಿಯೂ ಅದೇ ಕತೆ. ಆಮೇಲೆ ಕಂಪ್ಯೂಟರನ್ನು ಒಲೆಯ ಗೋಡೆಯ ಕಡೆಯಿಂದ ಎತ್ತಿ, ನೆಲದಿಂದ ಎರಡಡಿ ಮೇಲಿಡಿ.

ಪ್ರಶ್ನೆ: ಹೊಸ ವೈಫೈ ಡಾಂಗಲ್ ಸಿಕ್ಕಿಸಿದರೆ ಸಿಡಿ ಎಂದು ತೋರಿಸುತ್ತದೆ, ವೈಫೈ ಬರುವುದಿಲ್ಲ.
— ವಿದ್ಯಾರ್ಥಿನಿ, ಮಂಡ್ಯ

ಉತ್ತರ: ಆ ‘ಸಿಡಿ’ಯಲ್ಲಿ ಇರುವುದು ವಿಂಡೋಸ್ ಡ್ರೈವರ್. ಫೈಲ್ ಮ್ಯಾನೇಜರಿನಲ್ಲಿ ಅದರ ಮೇಲೆ ಬಲಗುಂಡಿ ಒತ್ತಿ ಇಜೆಕ್ಟ್ ಮಾಡಿ. ಹಲವು ಡಾಂಗಲ್‌ಗಳು ಆಗಲೇ ವೇಷ ಬದಲಿಸಿ ವೈಫೈ ಆಗುತ್ತವೆ. ಆಗದಿದ್ದರೆ ‘ಯುನೇಮ್ ಗೆರೆ-ಆರ್’ ಕೊಟ್ಟು ಲಿನಕ್ಸಿನ ತಿರುಳಾದ ಕರ್ನಲ್‌ನ ಆವೃತ್ತಿ ನೋಡಿ. ರಿಯಲ್‌ಟೆಕ್‌ನ 8821ಸಿಯು, 8822ಬಿಯು ಚಿಪ್‌ಗಳ ಬೆಂಬಲ ಕರ್ನಲ್ 6.2ರಲ್ಲಿ ಬಂತು. ಮಿಂಟ್ 21 ಮೊದಲಿಗೆ ಬಂದದ್ದು 5.15ರೊಂದಿಗೆ. ಅಪ್‌ಡೇಟ್ ಮ್ಯಾನೇಜರ್‌ನ ವ್ಯೂ ಮೆನುವಿನ ಲಿನಕ್ಸ್ ಕರ್ನಲ್ಸ್‌ನಿಂದ 6.8 ಹಾಕಿಕೊಳ್ಳಿ. ಅದನ್ನು ಇಳಿಸಲು ಇಂಟರ್ನೆಟ್ ಎಲ್ಲಿಂದ ಎಂದರೆ, ಮೊಬೈಲನ್ನು ಚಾರ್ಜರ್ ವೈರಿನಲ್ಲೇ ಕಂಪ್ಯೂಟರಿಗೆ ಸಿಕ್ಕಿಸಿ, ಹಾಟ್‌ಸ್ಪಾಟ್ ಸೆಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ವೈರ್ ಡೇಟಾ ಸಾಗಿಸುವಂಥದ್ದೇ ಆಗಿರಬೇಕು. ಬರೀ ಚಾರ್ಜ್ ಮಾಡುವ ಅಗ್ಗದ ವೈರಿನಲ್ಲಿ ಆ ಆಯ್ಕೆ ಮಸುಕಾಗಿಯೇ ಇರುತ್ತದೆ.